ಮಲೆನಾಡಿನ ವಿದ್ಯಾರ್ಥಿಗಳಿಗೂ ಕಡಲ ಇಂಟರ್ನ್‌ಶಿಪ್ ಸಿಗಲಿ

ಮಾನ್ಯ ಸಂಪಾದಕರೇ,

ಶಿವಮೊಗ್ಗ ಜಿಲ್ಲೆಯ ಬಿಎಸ್ಸಿ ವಿದ್ಯಾರ್ಥಿಗಳಿಗೂ ಕಡಲ ವಿಜ್ಞಾನದ ಬೇಸಿಗೆ ಇಂಟರ್ನ್‌ಶಿಪ್ ಸಿಗುವಂತಾಗಬೇಕು. ಗುಡ್ಡದ ಮೇಲಿನವರಿಗೆ ಸಮುದ್ರ ಯಾಕೆ ಎಂದು ಕೇಳುವವರಿದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸೇರುವುದು ಹೊನ್ನಾವರದ ಕಡಲನ್ನೇ ಅಲ್ವಾ? ಇದೇ ನದಿಯ ಲಿಂಗನಮಕ್ಕಿ ಅಣೆಕಟ್ಟೆಯ ನೀರು ವಿದ್ಯುತ್ ಉತ್ಪಾದನೆಯ ನಂತರ ಬೇಸಿಗೆಯಲ್ಲೂ ಅಳಿವೆಗೆ ಹರಿಯುತ್ತದೆ. ಅದರಿಂದ ಅಲ್ಲಿನ ಉಪ್ಪಿನಂಶ ತಗ್ಗುತ್ತದೆ. ಮೀನು, ಬಳಚು (ಚಿಪ್ಪಿನ ಜೀವಿ), ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆಲ್ಲ ಇದು ಮುಖ್ಯ. ಇಂಥದ್ದನ್ನು ನೀರಿಗಿಳಿದು ಅಳೆದು ಕಲಿಯಬೇಕು, ಸುಮ್ನೆ ನೋಟ್ಸ್ ಉರು ಹೊಡೆದರೆ ಆಗದು.

ಕಾರವಾರದಲ್ಲಿ ಕಡಲ ಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಕುವೆಂಪು ವಿಶ್ವವಿದ್ಯಾಲಯ ಇವುಗಳೊಂದಿಗೆ ಮಾತನಾಡಿ, ಪ್ರತಿ ಬೇಸಿಗೆ ಕೆಲವರನ್ನಾದರೂ ಕಳಿಸಲಿ. ಊಟ, ವಸತಿಯ ಖರ್ಚನ್ನೂ ಕೊಡಲಿ. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೇ ಒಳಗೇ ಮುಗಿಯುವಂತೆ ನೋಡಿಕೊಂಡರೆ ಒಳ್ಳೆಯದು.

– ಒಬ್ಬ ಓದುಗ, ಸಾಗರ