ರೋಮ್‌ನಲ್ಲಿ ಮಡಿದ ಜ್ಯೂರಿಕ್‌ನ ದಳಪತಿ

ಮಾನ್ಯ ಸಂಪಾದಕರೇ,

ಹದಿನಾರನೆಯ ಶತಮಾನದ ಯುರೋಪಿನಲ್ಲಿ ಕ್ರೈಸ್ತ ಚರ್ಚನ್ನು ಒಡೆದ ಮತಸುಧಾರಣೆಯ ಕುರಿತು ಪತ್ರಿಕೆಯಲ್ಲಿ ಇತ್ತೀಚೆಗೆ ಬಂದ ಲೇಖನ, ನಮ್ಮ ತರಗತಿಯ ಪಾಠಗಳಂತೆಯೇ, 1517ರಲ್ಲಿ ಜರ್ಮನಿಯಲ್ಲಿ ಆ ಚಳವಳಿಗೆ ನಾಂದಿ ಹಾಡಿದ ಲೂಥರ್‌ನಿಂದ ಹೊರಟು ಪಾಪದ ಶಿಕ್ಷೆ ತಗ್ಗುವುದೆಂದು ಚರ್ಚ್ ಹಣಕ್ಕೆ ಕೊಡುತ್ತಿದ್ದ ಕ್ಷಮಾಪತ್ರಗಳ ಮಾರಾಟದ ಸುತ್ತಲೇ ನಿಂತಿತು. ಸ್ವಿಟ್ಜರ್‌ಲೆಂಡಿನಲ್ಲಿ ಆ ಚಳವಳಿಗೆ ಕಾವು ಕೊಟ್ಟ ಇನ್ನೊಂದು ಸಂಗತಿ ಅದರಲ್ಲಿ ಬರಲೇಬೇಕಿತ್ತು. ಫ್ರಾನ್ಸಿನ ದೊರೆ, ಪೋಪ್ ಮೊದಲಾದವರು ಅಲ್ಲಿನ ಊರ ಪ್ರಮುಖರಿಗೆ ವರ್ಷಾಶನ ಕೊಟ್ಟು, ಬಡ ಯುವಕರನ್ನು ತಮ್ಮ ಯುದ್ಧಗಳಿಗೆ ಸಂಬಳದ ಮೇಲೆ ಕರೆಸಿಕೊಳ್ಳುತ್ತಿದ್ದರು. ಪಾದ್ರಿಯಾಗಿ ಸೈನಿಕರೊಡನೆ ಇಟಲಿಗೆ ಹೋಗಿ ಆ ಸಾವುಗಳನ್ನು ಕಂಡಿದ್ದ, ಮುಂದೆ ಜ್ಯೂರಿಕ್‌ನ ಮತಸುಧಾರಕನಾದ ಜ್ವಿಂಗ್ಲಿ ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದ. 1522ರಲ್ಲಿ ಜ್ಯೂರಿಕ್ ನಗರ ಅದನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಇಟಲಿಯ ಬಿಕೋಕಾದಲ್ಲಿ ಫ್ರಾನ್ಸಿನ ಪರ ಕಾದಿದ ಸುಮಾರು 3,000 ಸ್ವಿಸ್ ಸೈನಿಕರು ಸತ್ತರು.

ಪೋಪನ ಸಂಬಳ ಒಂದೆಡೆ, ಸುಧಾರಣೆಯತ್ತ ಹೊರಟ ಊರು ಇನ್ನೊಂದೆಡೆ ಎಂಬ ಇಕ್ಕಟ್ಟು ಒಬ್ಬನ ಬಾಳಿನಲ್ಲಿ ಹೇಗಿತ್ತೆಂಬುದನ್ನು ಪೋಪನ ಸ್ವಿಸ್ ಕಾವಲು ಪಡೆಯ ದಳಪತಿ ಕಾಸ್ಪರ್ ರೋಯಿಸ್ಟ್‌ನಲ್ಲಿ ಕಾಣಬಹುದು. ಅವನ ತಂದೆ ಮಾರ್ಕ್ಸ್ ರೋಯಿಸ್ಟ್ ಜ್ಯೂರಿಕ್‌ನ ಮೇಯರ್. 1523ರ ಜನವರಿಯಲ್ಲಿ ಜ್ವಿಂಗ್ಲಿ ತನ್ನ 67 ನಿರ್ಣಯಗಳನ್ನು ಮಂಡಿಸಿ ಗೆದ್ದ ಸಭೆಗೆ ಅಧ್ಯಕ್ಷನಾಗಿದ್ದವನು ಈ ತಂದೆಯೇ. ಹುಟ್ಟೂರು ಪೋಪನಿಂದ ದೂರ ಸರಿದರೂ ಮಗ ರೋಮ್‌ನಲ್ಲೇ ಉಳಿದ. 1527ರ ಮೇ 6ರಂದು ಚಕ್ರವರ್ತಿ ಐದನೆಯ ಚಾರ್ಲ್ಸ್‌ನ, ಸಂಬಳವಿಲ್ಲದೆ ದಂಗೆಯೆದ್ದಿದ್ದ ಸೈನ್ಯ ರೋಮ್ ಮೇಲೆ ಬಿತ್ತು. ಚಕ್ರವರ್ತಿ ಕ್ಯಾಥೊಲಿಕ್, ಆದರೆ ಆ ಸೈನ್ಯದ ಜರ್ಮನರಲ್ಲಿ ಲೂಥರ್ ಅನುಯಾಯಿಗಳು ಅನೇಕರು. ಸುಧಾರಣೆಯ ಊರಿನ ಮಗನೊಬ್ಬ ಅವರೆದುರು ಪೋಪನಿಗಾಗಿ ನಿಂತ! 189 ಕಾವಲುಗಾರರಲ್ಲಿ 147 ಮಂದಿ ಮಡಿದರು. ಗಾಯಗೊಂಡಿದ್ದ ರೋಯಿಸ್ಟ್‌ನನ್ನು ಅವನ ಮನೆಯಲ್ಲಿ, ಹೆಂಡತಿಯ ಕಣ್ಣೆದುರೇ ಕೊಂದರು. ಉಳಿದ 42 ಮಂದಿ ಪೋಪ್ ಏಳನೆಯ ಕ್ಲೆಮೆಂಟ್‌ನನ್ನು ಸಂತ್ ಏಂಜೆಲೋ ಕೋಟೆಗೆ ಮುಟ್ಟಿಸಿದರು. ಇಂದಿಗೂ ಆ ಪಡೆಯ ಹೊಸಬರು ಪ್ರಮಾಣವಚನ ಸ್ವೀಕರಿಸುವುದು ಸಾಮಾನ್ಯವಾಗಿ ಮೇ 6ರಂದೇ.

ಸಂಬಳಕ್ಕೆ ದುಡಿದವರಲ್ಲಿ ಇಂಥ ನಿಷ್ಠೆ ಎಲ್ಲಿಂದ ಬಂತು ಎಂಬ ಪ್ರಶ್ನೆ ನಮ್ಮ ಜಿಲ್ಲೆಯ ಮಕ್ಕಳಿಗೆ ಹೊಸದೇನಲ್ಲ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ, ಕೊಟ್ಟ ಭಾಷೆಯಂತೆ ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಬಿಟ್ಟ ದಂಡನಾಯಕ ಕುವರ ಲಕ್ಷ್ಮನ ಗರುಡಗಂಬ ಹಳೇಬೀಡಿನಲ್ಲಿದೆ. ಎರಡನ್ನೂ ಒಂದೇ ಎನ್ನಲಾರೆ: ಲಕ್ಷ್ಮನಿಗೆ ಆಯ್ಕೆಗೆ ಎದುರಾಗಿ ಊರು ನಿಂತಿರಲಿಲ್ಲ, ರೋಯಿಸ್ಟ್‌ಗೆ ನಿಂತಿತ್ತು. ಆ ವ್ಯತ್ಯಾಸವನ್ನು ಮಕ್ಕಳು ಚರ್ಚಿಸಿದರೆ ಮತಸುಧಾರಣೆ ಎಷ್ಟು ಮನೆಗಳನ್ನು ಒಡೆಯಿತೆಂಬುದು ಅವರಿಗೆ ಅರ್ಥವಾದೀತು. ತಮ್ಮ ವಿದ್ಯಾರ್ಥಿ ಪುರವಣಿಯಲ್ಲಿ ಇಂಥ ಬದುಕುಗಳಿಗೂ ಜಾಗ ಕೊಡಬೇಕೆಂದು ಕೋರುತ್ತೇನೆ.

– ಇತಿಹಾಸದ ನಿವೃತ್ತ ಅಧ್ಯಾಪಕ, ಹಾಸನ