ನಡಿಗೆಗೂ ಸಂಘಗಳು ಕರೆಯಲಿ

ಮಾನ್ಯ ಸಂಪಾದಕರೇ,

ಲೋಕಲ್ ರೈಲಿನ ಓಡಾಟದಲ್ಲೇ ದಿನ ಕಳೆಯುವ ಮುಂಬಯಿ ಕನ್ನಡಿಗರು ನಡಿಗೆಯನ್ನೂ ಹೊತ್ತಿಗೆ ಸರಿಯಾದ ಊಟವನ್ನೂ ಮರೆಯುತ್ತಿದ್ದೇವೆ. ಉಪನಗರ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣಕ್ಕೆ ಹೋಗಲು ಒಂದು ಗಂಟೆಗೂ ಜಾಸ್ತಿ ಬೇಕು. ಸಂಜೆ ವಾಪಸಾಗಲು ಮತ್ತೆ ಅಷ್ಟೇ ಹೊತ್ತು. ಹಸಿವಿಗೆ ನಿಲ್ದಾಣದ ಹೊರಗೆ ಒಂದು ವಡಾಪಾವ್, ರಾತ್ರಿ ಹತ್ತೂವರೆಗೆ ಊಟ, ಕೂಡಲೇ ನಿದ್ದೆ. ನಾನೂ ಬಹಳ ವರ್ಷ ಹೀಗೇ ಬದುಕಿದವನು. ಸಕ್ಕರೆ ಕಾಯಿಲೆ ಬಂದ ಮೇಲಷ್ಟೇ ಎಚ್ಚೆತ್ತೆ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ಜಿಮ್ ಫೀಸೂ ಬೇಡ. ಆದರೆ ಒಬ್ಬರೇ ಹೊರಟರೆ ನಾಲ್ಕೇ ದಿನಕ್ಕೆ ಉತ್ಸಾಹ ಇಳಿಯುತ್ತದೆ. ಜೊತೆಗಾರರಿದ್ದರೆ ಮನೆ ಬಾಗಿಲಿಗೇ ಬಂದು ಕರೆಯುತ್ತಾರೆ. ನನ್ನ ನಡಿಗೆ ಇವತ್ತಿಗೂ ನಿಲ್ಲದಿರುವುದು ಅಂಥ ಇಬ್ಬರು ನೆರೆಯವರಿಂದ.

ಉಪ್ಪಿನ ಮಾತೂ ಇದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ ಇರಲಿ ಎಂಬುದು ಅದೇ ಸಂಸ್ಥೆಯ ಸಲಹೆ. ನಮ್ಮ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸೇರಿದರೆ ಆ ಮಿತಿ ಸುಲಭವಾಗಿ ದಾಟುತ್ತದೆ, ಅಲ್ವಾ?

ಮುಂಬಯಿಯಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ನಾಟಕ, ತಾಳಮದ್ದಳೆ, ಭಜನೆಗೆ ಜನ ಸೇರಿಸುವ ಈ ಸಂಘಗಳು ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಹತ್ತಿರದ ಮೈದಾನಕ್ಕೆ ನಡಿಗೆಗೂ ಕರೆಯಲಿ. ಕಾರ್ಯಕ್ರಮಗಳಲ್ಲಿ ಬೋಂಡಾ, ಜಿಲೇಬಿಯ ಬದಲು ಕೋಸಂಬರಿ, ಮಜ್ಜಿಗೆ ಕೊಡಲಿ.

– ಓದುಗ, ಡೊಂಬಿವಲಿ