ಅಣ್ಣ ದೂರವಾದ ಅಂತ ಈಗಲೇ ತೀರ್ಮಾನ ಮಾಡಬೇಡ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ದೀಪಾವಳಿ ದಿನ ನಿಮ್ಮ ಮನೆಯ ಊಟದಲ್ಲಿ, ಕೆಲಸ ಹೋಗಿರೋ ನಿನ್ನ ಗಂಡನ ಎದುರಿಗೇ ನಿನ್ನ ಅಣ್ಣ ಆಡಿದ ಮಾತನ್ನು ನಿಮ್ಮಮ್ಮ ಆಗಲೇ ಹೇಳಿದ್ದಳು. ಅದನ್ನು ಮತ್ತೆ ಕೆದಕಲ್ಲ. ಆದರೆ ನಿನ್ನ ಕಾಗದದ ಕೊನೆಯಲ್ಲಿ 'ಅಣ್ಣ ಇನ್ನು ನಮ್ಮವನಲ್ಲ ಅನ್ನಿಸ್ತಿದೆ ದೊಡ್ಡಮ್ಮ' ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ.

'ಕೆಲಸ ಇಲ್ಲದವರು ಮನೇಲಿ ಕೂತು ತಿನ್ನೋಕೆ ನಮ್ಮ ಟ್ಯಾಕ್ಸು' ಅಂದನಂತಲ್ಲ ಅವನು, ಅದೇ ಮಾತನ್ನು ನಾನು 1982ರಲ್ಲಿ ಡೆಟ್ರಾಯಿಟ್‌ನಲ್ಲಿ ಕೇಳಿದ್ದೇನೆ. ನಮ್ಮ ಮನೆಯಲ್ಲೇ, ನಾನು ಮಾಡಿದ ಉಪ್ಪಿಟ್ಟು ತಿನ್ನುತ್ತಾ ಒಬ್ಬರು ಆಡಿದ ಮಾತು. ಎದುರಿಗೆ ನಿನ್ನ ದೊಡ್ಡಪ್ಪ ಕೂತಿದ್ದರು. ಕಾರು ಕಂಪನಿಯ ಕೆಲಸ ಹೋಗಿ ಆಗಲೇ ಕೆಲವು ತಿಂಗಳಾಗಿತ್ತು. ಇದು ನಿನಗೆ ಗೊತ್ತಿರಲಾರದು. ಊರಿಗೆ ಬರೆದ ಕಾಗದಗಳಲ್ಲೂ ನಾವು ಬರೆಯಲಿಲ್ಲ.

ಆ ವರ್ಷದ ಕೊನೆಗೆ ಅಮೆರಿಕದಲ್ಲಿ ನಿರುದ್ಯೋಗ ಶೇಕಡ 10.8 ಆಗಿತ್ತು. ನಮ್ಮ ಮಿಷಿಗನ್ ರಾಜ್ಯದಲ್ಲಿ 16ಕ್ಕೂ ಜಾಸ್ತಿ. ನಿರುದ್ಯೋಗ ಭತ್ಯೆಯ ಕ್ಯೂನಲ್ಲಿ ನಿಲ್ಲೋಕೆ ನಿನ್ನ ದೊಡ್ಡಪ್ಪ ಇಸ್ತ್ರಿ ಮಾಡಿದ ಶರ್ಟು, ಟೈ ಹಾಕಿಕೊಂಡು ಹೋಗುತ್ತಿದ್ದರು. ಚೆಕ್ ಬಂದರೆ ನನ್ನ ಕೈಗೆ ಕೊಡುತ್ತಿರಲಿಲ್ಲ. ಸಕ್ಕರೆ ಡಬ್ಬಿ ಕೆಳಗೆ ಇಟ್ಟು, ಏನೂ ಹೇಳದೆ ಹೊರಗೆ ಹೋಗಿಬಿಡುತ್ತಿದ್ದರು. ಅಳಿಯಂದಿರು ಈ ದೀಪಾವಳಿ ರಾತ್ರಿ ಅರ್ಧ ಊಟಕ್ಕೆ ಎದ್ದು ಹೋದದ್ದು ಯಾಕೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆ ಮಾತು ಆಡಿದವರು ಪರಕೀಯರಲ್ಲ ಪುಟ್ಟಿ. ಅರಸೀಕೆರೆ ಕಡೆಯವರು. 1973ರಲ್ಲಿ ನಾವು ಬಂದಿಳಿದಾಗ, ನಮಗೆ ಮನೆ ಸಿಗುವವರೆಗೂ ತಮ್ಮ ಎರಡು ರೂಮಿನ ಅಪಾರ್ಟ್‌ಮೆಂಟಿನಲ್ಲಿ ಇಟ್ಟುಕೊಂಡವರು. ಅವರ ಹೆಂಡತಿಯನ್ನು ನಾನು ಅಕ್ಕ ಅಂತಲೇ ಕರೆಯುತ್ತಿದ್ದೆ. ರೇಗನ್ ಅಧ್ಯಕ್ಷರಾಗಿ ಬಂದ ಮೇಲೆ ಗಂಡಸರಿಬ್ಬರಿಗೂ ಅದೇ ವಾದ. 1981ರ ಕಾನೂನಿನಲ್ಲಿ ಆದಾಯ ತೆರಿಗೆಯ ಅತಿ ಹೆಚ್ಚಿನ ದರ ಶೇಕಡ 70ರಿಂದ 50ಕ್ಕೆ ಇಳೀತಲ್ಲ, ಅದು ಸರಿ ಅಂತ ಅವರು, ಬಡವರ ಸವಲತ್ತು ಕತ್ತರಿಸ್ತಾರೆ ಅಂತ ಇವರು. ಇಬ್ಬರ ಹತ್ತಿರವೂ ಇನ್ನೂ ಭಾರತದ ಪಾಸ್‌ಪೋರ್ಟ್ ಇತ್ತು, ಓಟು ಹಾಕೋ ಹಕ್ಕೂ ಇರಲಿಲ್ಲ. ಆ ದಿನ ನಿನ್ನ ದೊಡ್ಡಪ್ಪ 'ಹೊರಡಿ' ಅಂದರು. ಅವರು ಹೊರಟರು.

ಸ್ವಲ್ಪ ದಿನಕ್ಕೆ ಅವರ ಕೆಲಸವೂ ಹೋಯಿತು. ಆಗ ಡೆಟ್ರಾಯಿಟ್ ಕಡೆಯವರೆಲ್ಲ ಟೆಕ್ಸಾಸ್‌ಗೆ ಓಡುತ್ತಿದ್ದ ಕಾಲ. ಅವರೂ ಹ್ಯೂಸ್ಟನ್‌ಗೆ ಹೋದರಂತೆ. ಅಂತೆ ಅನ್ನೋದು ಯಾಕೆಂದರೆ ನಮಗೆ ಹೇಳಿ ಹೋಗಲಿಲ್ಲ. 1982ರ ಸೆಪ್ಟೆಂಬರಿನಲ್ಲಿ ರೇಗನ್ ಅವರೇ ತೆರಿಗೆ ಏರಿಸುವ ಕಾನೂನಿಗೂ ಸಹಿ ಹಾಕಿದರು. 1986ರಲ್ಲಿ ಆ ಮೇಲಿನ ದರ 28ಕ್ಕೆ ಇಳಿಸೋಕೆ ಎರಡೂ ಪಾರ್ಟಿಯವರು ಓಟು ಹಾಕಿದರು. ಇವರಿಬ್ಬರು ಜಗಳ ಆಡಿದ್ದ ಕಾನೂನು ಏನೇನೋ ಆಗಿಹೋಯಿತು. ಅವರು ಮಾತ್ರ ತಿರುಗಿ ಬರಲಿಲ್ಲ. ತೀರಿಕೊಂಡರು ಅಂತ ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರೋ ಹೇಳಿದಾಗ ಆಗಲೇ ವರ್ಷ ಕಳೆದಿತ್ತು. ನಿನ್ನ ದೊಡ್ಡಪ್ಪ ತಟ್ಟೆ ಹಿಡಿದು ಹಾಗೇ ನಿಂತಿದ್ದರು. ಅಕ್ಕ ಈಗ ಎಲ್ಲಿದ್ದಾರೋ. ಅವರ ದನಿ ಒಂದು ಸಲ ಕೇಳಬೇಕು ಅಂತ ನನಗೆ ಇವತ್ತಿಗೂ ಆಸೆ ಇದೆ.

ಅದಕ್ಕೇ ನಿನ್ನ ಆ ಸಾಲು ನನಗೆ ಭಯ ಹುಟ್ಟಿಸಿತು.

ಆ 1982ರಲ್ಲಿ ಬೇರೆ ಭಯವೂ ಇತ್ತು. ಜೂನ್‌ನಲ್ಲಿ, ನಮ್ಮ ಊರ ಪಕ್ಕದಲ್ಲೇ, ವಿನ್ಸೆಂಟ್ ಚಿನ್ ಅನ್ನೋ ಹುಡುಗನನ್ನು ಕಾರು ಕಾರ್ಖಾನೆ ಕಡೆಯ ಇಬ್ಬರು ಬೇಸ್‌ಬಾಲ್ ಬ್ಯಾಟಿನಿಂದ ಹೊಡೆದು ಕೊಂದರು. ಚೀನಾ ಮೂಲದವನು. ಜಪಾನಿನ ಕಾರುಗಳಿಂದ ಕೆಲಸ ಹೋಯಿತು ಅನ್ನೋ ಸಿಟ್ಟು ಅವನ ಮುಖ ನೋಡಿ ಅವನ ಮೇಲೆ ತಿರುಗಿತು. ಕೊಂದವರಿಗೆ ಪ್ರೊಬೇಷನ್, 3,000 ಡಾಲರ್ ದಂಡ. ಜೈಲಿಲ್ಲ. ಕತ್ತಲಾದ ಮೇಲೆ ನಾನು ಅಂಗಡಿಗೆ ಹೋಗೋದನ್ನು ಬಿಟ್ಟಿದ್ದೆ. ಅಂಥ ಹೊತ್ತಲ್ಲಿ ಪಕ್ಕದಲ್ಲಿ ನಿಲ್ಲೋಕೆ ನಮ್ಮವರು ಬೇಕಾಗುತ್ತೆ ಪುಟ್ಟಿ. ನಮಗೆ ಅವರು ಇರಲಿಲ್ಲ.

ನಿನ್ನ ಅಣ್ಣನ ಮಾತು ತಪ್ಪು, ಅದರಲ್ಲಿ ನನಗೆ ಸಂಶಯ ಇಲ್ಲ. ನೀವಿರೋ ನ್ಯೂಜೆರ್ಸಿಯಲ್ಲಿ ನಿರುದ್ಯೋಗ ವಿಮೆಗೆ ಕೆಲಸಗಾರರ ಸಂಬಳದಿಂದಲೂ ಹಿಡೀತಾರೆ. ಅಳಿಯಂದಿರ ಹಳೇ ಪೇ ಸ್ಲಿಪ್ ತೆಗೆದು ನೋಡು, ಆ ಸಾಲು ಇರುತ್ತೆ. ಅವರು ಕಟ್ಟಿದ ವಿಮೆ ಅವರಿಗೆ ಬರ್ತಿದೆ. ಆದರೆ ನಿನ್ನ ಅಣ್ಣ ಅಂಗಡಿ ಇಟ್ಟಿರೋ ಟೆಕ್ಸಾಸ್‌ನಲ್ಲಿ ಆ ವಿಮೆ ಹಣವನ್ನೆಲ್ಲ ಮಾಲೀಕರೇ ಕಟ್ಟಬೇಕು. ಅಂಗಡಿಯಿಂದ ಒಬ್ಬರನ್ನು ತೆಗೆದರೆ ಅವನು ಕಟ್ಟೋ ವಿಮೆಯ ದರವೂ ಏರಬಹುದು. ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಹೋದವನು ಆಸ್ತಿ ತೆರಿಗೆ ನೋಡಿ ಕಂಗಾಲಾಗಿದ್ದಾನೆ. 2025ರ ಜುಲೈನ ಕಾನೂನಿನಲ್ಲಿ ಸಣ್ಣ ವ್ಯಾಪಾರದ ಆದಾಯಕ್ಕೆ ಸಿಗೋ 20 ಪರ್ಸೆಂಟ್ ತೆರಿಗೆ ರಿಯಾಯಿತಿ ಖಾಯಂ ಆಯಿತು ಅಂತ ನನಗೂ ಫೋನ್ ಮಾಡಿ ಖುಷಿಪಟ್ಟಿದ್ದ. ಅವನ ತಲೆಯಲ್ಲಿ ಅವನ ಅಂಗಡಿ ಲೆಕ್ಕ ಓಡ್ತಿತ್ತು. ನಿನ್ನ ಗಂಡನನ್ನು ನೋಡಿ ಆಡಿದ್ದಲ್ಲ ಅಂತ ನಾನು ನಂಬಿದ್ದೇನೆ. ದೀಪಾವಳಿ ಹೊತ್ತಿಗೆ ಪಾರ್ಟಿಗಳ ಜಗಳದಲ್ಲಿ ವಾಷಿಂಗ್ಟನ್‌ನಲ್ಲಿ ಸರ್ಕಾರದ ಕಚೇರಿಗಳೇ ಮುಚ್ಚಿದ್ದವು, ಟೀವಿಯಲ್ಲಿ ಬೆಳಗಿಂದ ರಾತ್ರಿವರೆಗೂ ಅದೇ ಕೂಗಾಟ. ಅದು ನಿಮ್ಮ ಊಟದ ಮೇಜಿಗೂ ಬಂತು.

ಅಣ್ಣನ ಪಾರ್ಟಿಯವರಿಗೆ ಸಮಾನ ಹಕ್ಕು ಅಂದರೇನು ಅಂತಲೇ ಗೊತ್ತಿಲ್ಲ ಅಂತ ನೀನು ಬರೆದದ್ದಕ್ಕೆ ಒಂದು ಮಾತು. ನಾನೂ ನಿನ್ನ ಹಾಗೆ ಡೆಮಾಕ್ರಾಟರಿಗೇ ಓಟು ಹಾಕ್ತೀನಿ. ಆದರೂ ಅವನ ರಿಪಬ್ಲಿಕನ್ ಪಾರ್ಟಿಯವರಿಗೆಲ್ಲ ಅದರ ಗಂಧವೇ ಇಲ್ಲ ಅನ್ನಬೇಡ. ನಾನು ಬಂದ ಹೊಸತರಲ್ಲಿ ಒಂದು ಬ್ಯಾಂಕಿನವರು ಗಂಡನ ಸಹಿ ಇಲ್ಲದೆ ನನಗೆ ಕ್ರೆಡಿಟ್ ಕಾರ್ಡ್ ಕೊಡಲ್ಲ ಅಂದಿದ್ದರು. ನನ್ನದೇ ಸಂಬಳ ಇತ್ತು, ಆದರೂ. 1974ರಲ್ಲಿ ಅದನ್ನು ನಿಲ್ಲಿಸುವ ಕಾನೂನು ಬಂತು. ಆಗ ಕಾಂಗ್ರೆಸ್ಸಿನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, ಡೆಮಾಕ್ರಾಟರು ಜಾಸ್ತಿ, ಸಹಿ ಹಾಕಿದ ಅಧ್ಯಕ್ಷ ಫೋರ್ಡ್ ರಿಪಬ್ಲಿಕನ್. ಭಾರತದವರು ಇಲ್ಲಿ ಪೌರರಾಗಬಹುದು ಅಂತ 1946ರಲ್ಲಿ ಆದ ಕಾನೂನಿಗೂ ಎರಡು ಪಾರ್ಟಿಯ ಇಬ್ಬರ ಹೆಸರಿದೆ, ಲೂಸ್ ಮತ್ತು ಸೆಲ್ಲರ್. ಈಗ ಹಾಗಿಲ್ಲ ಅಂತೀಯ. ಹೌದು, ಈಗ ಹಾಗಿಲ್ಲ. ನನಗೂ ಅದೇ ಸಂಕಟ.

ಏನು ಮಾಡಬೇಕು ಅಂತ ಹೇಳೋಕೆ ನಾನೆಷ್ಟರವಳು. ಆದರೂ ಫ್ಯಾಮಿಲಿ ಗ್ರೂಪಿನಲ್ಲಿ ಅವನಿಗೆ ಉತ್ತರವಾಗಿ ಆ ರಾಜಕೀಯದ ವಿಡಿಯೋಗಳನ್ನು ಹಾಕೋದು ನಿಲ್ಲಿಸ್ತೀಯಾ? ಅವನ ಪಾರ್ಟಿ ಮಾತು ಬಿಡು. ಆ ಒಂದು ಮಾತಿನಿಂದ ಮನೆಯವರಿಗೆ ನೋವಾಯಿತು ಅಂತ ಅಷ್ಟನ್ನೇ ಹೇಳು, ಫೋನಿನಲ್ಲಿ, ಬರೆದಲ್ಲ. ಅವನು ಸುಮ್ನೆ ಇದ್ದರೂ ಇರಲಿ. ಹೇಳಿದ್ದು ಅವನ ಕಿವಿಗೆ ಬಿದ್ದಿರುತ್ತೆ.

ಅಳಿಯಂದಿರಿಗೆ ಹೇಳು, ನಿರುದ್ಯೋಗ ಭತ್ಯೆಗೆ ಪ್ರತಿ ವಾರ ಹಾಕೋ ಕ್ಲೇಮು ತಪ್ಪಿಸೋದು ಬೇಡ, ಬೇಜಾರಾದರೂ. ಆ ಹಣಕ್ಕೆ ನ್ಯೂಜೆರ್ಸಿ ತೆರಿಗೆ ಇಲ್ಲ, ಫೆಡರಲ್ ತೆರಿಗೆ ಇದೆ. 10 ಪರ್ಸೆಂಟ್ ಈಗಲೇ ಹಿಡಿಯೋಕೆ ಹೇಳಿದರೆ ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟೋ ಪೇಚಾಟ ಇರಲ್ಲ. ನಿಮಗೆ ಇದೆಲ್ಲ ಗೊತ್ತಿರಬಹುದು.

ನಿನ್ನ ಅಣ್ಣ ನನಗೂ ಫೋನ್ ಮಾಡಿಲ್ಲ. ಈ ಭಾನುವಾರ ಅವನು ಅಂಗಡಿ ಮುಚ್ಚೋ ಹೊತ್ತಿಗೆ ನಾನೇ ಮಾಡ್ತೀನಿ. ನೀನು ನನಗೆ ಬರೆದದ್ದನ್ನು ಅವನಿಗೆ ಹೇಳಲ್ಲ. ಆ ಸಾಲನ್ನು ಮಾತ್ರ ನೀನು ಬೇರೆ ಯಾರಿಗೂ ಬರೆಯಬೇಡ, ನಿಮ್ಮಮ್ಮನಿಗಂತೂ ಖಂಡಿತ ಬೇಡ.

ನಿನ್ನ
ದೊಡ್ಡಮ್ಮ